ಕದ್ದ ಆಟದ ಕೊನೆಯ ಬಾಗಿಲು

ಕೊನೆಯ ಬಾಗಿಲು ತೆರೆಯುವುದಿಲ್ಲ ಎಂದು ಬರೆದವರ ಬಾಯಿಗೆಲ್ಲ ಮಣ್ಣು ತುರುಕಬೇಕು ಅನ್ನಿಸುತ್ತಿತ್ತು ಅಕ್ಕನಿಗೆ. ಅವಳ ಕಂಪ್ಯೂಟರ್ ಆಟ ಬಿಡುಗಡೆಯಾದ ವಾರದಿಂದ ಅದೇ ರಾಗ, ಅದೇ ತಾಳ. "ಇಡೀ ಆಟ ಆಡಿಸಿ ಕೊನೆಗೆ ಬೀಗ ಜಡಿದಿದ್ದಾರೆ." "ಅರ್ಧಂಬರ್ಧ ಸರಕು, ಯಾರೂ ಕೊಳ್ಳಬೇಡಿ." ಮೊದಲ ದಿನ ಕೊಂಡ ಕೆಲವರನ್ನು ಬಿಟ್ಟರೆ ಯಾರೂ ಕೊಳ್ಳುತ್ತಲೂ ಇರಲಿಲ್ಲ. ಹೆಸರು ಕೆಡಿಸಿಕೊಳ್ಳುವುದಕ್ಕೆ ವರ್ಷ ಬೇಡ, ನಾಲ್ಕು ಬಾಯಿ ಸಾಕು.

ಅಕ್ಕ ಚಿತ್ರ ಬರೆಯುವವಳು, ತಮ್ಮ ಕೋಡ್ ಬರೆಯುವವನು. ಒಂದು ಬಾಡಿಗೆ ಕೋಣೆ, ಎರಡು ಮೇಜು, ಗೊರಗೊರ ಅನ್ನುವ ಒಂದು ಫ್ಯಾನು, ಇಷ್ಟೇ ಅವರ ಕಂಪನಿ. ವರ್ಷಗಟ್ಟಲೆ ಕೂತು ಕಟ್ಟಿದ ಒಂದೇ ಒಂದು ಆಟ ಅವರದು. ಮನೆ ಬಿಟ್ಟು ಓಡಿದ ಹುಡುಗನೊಬ್ಬ ಗೊತ್ತಿಲ್ಲದ ಬೀದಿಗಳನ್ನೆಲ್ಲ ದಾಟಿ ತನ್ನ ಮನೆ ಹುಡುಕಿಕೊಂಡು ಬರಬೇಕು. ಕೊನೆಗೆ ಬಾಗಿಲು ತಟ್ಟಿದರೆ ಅದು ತೆರೆಯುತ್ತದೆ, ಒಳಗಿನಿಂದ ತಾಯಿ ಕರೆಯುತ್ತಾಳೆ.

ಆ ದನಿ ಅವರ ಅಮ್ಮನದು. ಗಂಟಲ ಆಪರೇಷನ್ನಿಗೆ ಮೊದಲು, ಅಡುಗೆಮನೆಯ ಕಿಟಕಿಗೆ ಕಂಬಳಿ ಕಟ್ಟಿ ರೆಕಾರ್ಡ್ ಮಾಡಿಕೊಂಡಿದ್ದರು. ಅಕ್ಕ ಒಂದು ಮಾತು ಬರೆದುಕೊಟ್ಟಿದ್ದಳು. ಎರಡನೆಯದನ್ನು ಅಮ್ಮನೇ ಸೇರಿಸಿದಳು. ಹುಡುಗ ಹೊಸ್ತಿಲಲ್ಲೇ ತಡೆದು ನಿಂತರೆ ಏನು ಹೇಳಬೇಕೆಂದು ಆಕೆಗೆ ಯಾರೂ ಕಲಿಸಬೇಕಾಗಿರಲಿಲ್ಲ. ಏನಾದರೂ ಒಡೆದುಹಾಕಿ ಬಾಗಿಲಲ್ಲಿ ನಿಂತುಬಿಡುವ ಮಗನನ್ನು ಸಾಕಿದವಳು ಅವಳು. ಆಪರೇಷನ್ ಆಯಿತು, ದನಿ ಹೋಯಿತು. ಈಗ ಅಮ್ಮನ ದನಿ ಲೋಕದಲ್ಲಿ ಉಳಿದಿರುವುದು ಆ ಬಾಗಿಲ ಹಿಂದೆ ಮಾತ್ರ. ಆಟ ಮುಳುಗಿದರೆ ಕೋಣೆ ಹೋಗುತ್ತದೆ, ಹೋಗಲಿ. ಆ ದನಿ ಇನ್ನೊಬ್ಬರ ಕಿವಿಗೂ ಬೀಳದೆ ಹೋಗುತ್ತದಲ್ಲ ಎಂಬುದೇ ಅಕ್ಕನ ಸಂಕಟ.

ಅವಳು ಮತ್ತೆ ಮತ್ತೆ ಆಡಿ ನೋಡಿದಳು. ಪ್ರತಿ ಸಲವೂ ಬಾಗಿಲು ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ತೆರೆಯಿತು. ಹಾಗೆಂದು ಮಾರಾಟದ ಪುಟದಲ್ಲಿ ಬರೆದಳು. "ಈಗ ರಿಪೇರಿ ಮಾಡಿಬಿಟ್ಟು ಮೊದಲಿಂದ ಸರಿಯಿತ್ತು ಅನ್ನುತ್ತಾರೆ, ಸುಳ್ಳುಬುರುಕರು" ಎಂದು ಉತ್ತರ ಬಂತು.

"ಬಿಡಕ್ಕ, ತಾನಾಗೇ ತಣ್ಣಗಾಗುತ್ತೆ" ಅಂದ ತಮ್ಮ. ಕೋಡಿನಲ್ಲಿ ಒಂದು ಚುಕ್ಕೆ ತಪ್ಪಿದರೂ ಊಟ ಬಿಡುವ ಪ್ರಾಣಿ ಅದು. ಅಂಥವನು ಇಷ್ಟು ತಣ್ಣಗೆ ಕೂತಾಗಲೇ ಅವಳಿಗೆ ಅನುಮಾನ ಬರಬೇಕಿತ್ತು.

ಮಧ್ಯಾಹ್ನ ಅಮ್ಮನನ್ನು ನೋಡಲು ಆಸ್ಪತ್ರೆಗೆ ಹೋದಳು. ಅವಳ ಗಂಡ ಎಂದಿನಂತೆ ಅತ್ತೆಯ ಮಂಚದ ಪಕ್ಕ ಸ್ಟೂಲ್ ಮೇಲೆ ಕೂತಿದ್ದ. ಅಮ್ಮನ ತೊಡೆಯ ಮೇಲೆ ಅವನ ಹಳೆಯ ಲ್ಯಾಪ್‌ಟಾಪ್.

"ನೋಡು ನಿಮ್ಮಮ್ಮನ್ನ! ಪೂರ್ತಿ ಆಡಿ ಮುಗಿಸಿದ್ರು" ಅಂದ, ತಾನೇ ಗೆದ್ದವನ ಹಾಗೆ.

ಪರದೆಯ ಮೇಲೆ ಅಕ್ಕನೇ ಬಣ್ಣ ತುಂಬಿದ ಬಾಗಿಲಿತ್ತು. ಮುಚ್ಚಿತ್ತು. ಅಮ್ಮ ಗಂಟಲಿನ ಬ್ಯಾಂಡೇಜು ಮುಟ್ಟಿಕೊಂಡಳು, ಬಾಗಿಲಿನ ಕಡೆ ಬೆರಳು ಮಾಡಿದಳು, ಇಲ್ಲ ಎಂದು ಕೈ ಆಡಿಸಿದಳು. ಆಮೇಲೆ ನಕ್ಕಳು. ಚೆನ್ನಾಗಿ ಬಂದಿರಲಿಲ್ಲ ಅಲ್ವಾ, ತೆಗೆದುಹಾಕಿದ್ರಿ, ಇರಲಿ ಬಿಡು ಅನ್ನುವ ನಗು. ನೆಂಟರ ಮುಂದೆ ಅನ್ನ ಸೀದಾಗ ನಗುತ್ತಿದ್ದಳಲ್ಲ, ಅದೇ.

ಅಕ್ಕ ಗಂಡನ ತೋಳು ಹಿಡಿದು ಮೆಟ್ಟಿಲ ಹತ್ತಿರ ಎಳೆದೊಯ್ದಳು.

"ಈ ಆಟ ಎಲ್ಲಿಂದ ಬಂತು ನಿಮಗೆ?"

"ಎಲ್ರೂ ಇಳಿಸ್ಕೊಳ್ಳೋ ಸೈಟಿಂದ. ಪುಕ್ಕಟೆ ಸಿಗುತ್ತಲ್ಲ."

"ರೀ, ಹೆಂಡತಿ ಮಾಡಿದ್ದನ್ನೇ ಕದ್ರಾ?"

"ಕೇಳಿದಾಗೆಲ್ಲ ನೀವಿಬ್ರೂ ಇವತ್ತು, ನಾಳೆ ಅಂತಿದ್ರಿ. ಅತ್ತೆ ದಿನಾ ಸನ್ನೆ ಮಾಡಿ ಕೇಳೋರು, ನನ್ನ ದನಿ ಎಲ್ಲಿ ಅಂತ. ನೋಡೋಕಾಗ್ಲಿಲ್ಲ ಕಣೆ. ನಾನೊಬ್ಬ ತಗೊಂಡ್ರೆ ಏನು ಮುಳುಗಿ ಹೋಗುತ್ತೆ ಅಂದ್ಕೊಂಡೆ."

"ಎಲ್ರೂ ಹಾಗೇ ಅಂದ್ಕೊಂಡಿದ್ದಕ್ಕೇ ಮುಳುಗಿರೋದು."

ಅಂದಳೇನೋ ನಿಜ, ಆದರೆ ಜಂಬ ಇಳಿದುಹೋಗಿತ್ತು. ಊರಿಗೆಲ್ಲ ಆಟ ಬಡಿಸಲು ಹೊರಟವಳು ಹೆತ್ತವಳಿಗೆ ಒಂದು ತುತ್ತು ಕೊಟ್ಟಿರಲಿಲ್ಲ. ಅಷ್ಟರಲ್ಲಿ ತಲೆಗೆ ಇನ್ನೊಂದು ವಿಷಯ ಹೊಳೆಯಿತು. ಕೊಂಡ ಆಟದಲ್ಲಿ ಬಾಗಿಲು ತೆರೆಯುತ್ತದೆ, ಕದ್ದದ್ದರಲ್ಲಿ ಇಲ್ಲ. ಫೋನು ತೆಗೆದು ತಮ್ಮನನ್ನು ಕರೆಸಿದಳು.

ತಮ್ಮ ಬಂದು, ಭಾವನ ಮುಖ ನೋಡಿ, ಮೆಟ್ಟಿಲ ಮೇಲೆ ಕೂತುಬಿಟ್ಟ. ಹೆಚ್ಚು ಕೇಳಬೇಕಾಗಲಿಲ್ಲ.

"ಹೇಗೂ ಕದೀತಾರೆ ಅಂತ ಗೊತ್ತಿತ್ತಕ್ಕ. ಕಳ್ಳರಿಗಿಂತ ಮೊದಲು ನಾನೇ ಒಂದು ಕಾಪಿ ಆ ಪುಕ್ಕಟೆ ಸೈಟಲ್ಲಿ ಹಾಕಿದೆ, ಬಾಗಿಲು ಮುಚ್ಚಿ. ಅಲ್ಲೀತನಕ ಬಂದೋರು ಬಿಡ್ತಾರಾ, ಕೊಂಡ್ಕೊಂಡು ಆಡ್ತಾರೆ ಅಂದ್ಕೊಂಡೆ."

"ಆ ಬಾಗಿಲ ಮೇಲೆ ಒಂದು ಬೋರ್ಡ್ ಹಾಕೋಕಾಗ್ಲಿಲ್ವಾ, ಇದು ಕದ್ದದ್ದು ಅಂತ?"

"ಹಾಕಿದ್ರೆ ಕಳ್ಳರಿಗೆ ಗೊತ್ತಾಗ್ತಿತ್ತು. ಬಾಗಿಲು ಮುರಿದು ಹಂಚ್ತಿದ್ರು."

"ಕದ್ದೋನು ಕದ್ದೆ ಅಂತ ಬರೀತಾನೇನೋ? ಆಟವೇ ಕೆಟ್ಟಿದೆ ಅಂತ ಬರೀತಾನೆ. ಇಲಿ ಕಾಟಕ್ಕೆ ಮನೆಗೆ ಬೆಂಕಿ ಇಟ್ಯಲ್ಲೋ! ಈಗಲೇ ಬರಿ, ನಾನೇ ಮಾಡಿದ್ದು ಅಂತ."

"ಬರೆದ್ರೆ ಮುಗೀತು. ತಾವೇ ಹಾಳು ಮಾಡಿ ಹಂಚಿದ್ರು ಅಂತಾರೆ. ಕೊಂಡಿರೋ ನಾಲ್ಕು ಜನನೂ ವಾಪಸ್ ಕೊಡ್ತಾರೆ."

ಅದೂ ಸುಳ್ಳಲ್ಲ. ಬಾಯಿ ಬಿಟ್ಟರೂ ಕೇಡು, ಬಿಡದಿದ್ದರೂ ಕೇಡು. ಗಂಡ ಕದ್ದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಗೋಡೆ ನೋಡುತ್ತಿದ್ದ.

"ಲೋಕ ಹಾಳಾಗ್ಲಿ. ಮೊದಲು ಅಮ್ಮನಿಗೆ ತೋರಿಸೋಣ, ನಡಿ" ಅಂದಳು ಅಕ್ಕ.

ತಮ್ಮನ ಲ್ಯಾಪ್‌ಟಾಪಿನಲ್ಲಿದ್ದ ಅಸಲಿ ಆಟವನ್ನು ಕೊನೆಯ ಬೀದಿಗೆ ತಂದು ಅಮ್ಮನ ಮುಂದಿಟ್ಟರು. ಅಮ್ಮ ತಾನೇ ಗುಂಡಿ ಒತ್ತಿ ಹುಡುಗನನ್ನು ನಡೆಸಿದಳು, ಬಾಗಿಲು ತಟ್ಟಿದಳು. ಬಾಗಿಲು ತೆರೆಯಿತು.

"ಬಂದ್ಯಾ? ಎಷ್ಟು ಹೊತ್ತು ಮಾಡ್ದೆ. ಬಾ, ಊಟ ಆರ್ತಿದೆ."

ಅಮ್ಮನ ಹಳೆಯ ದನಿ ವಾರ್ಡಿನಲ್ಲಿ ಕೇಳಿಸಿತು. ಪಕ್ಕದ ಮಂಚದವರು ತಿರುಗಿ ನೋಡಿದರು. ಅಕ್ಕನಿಗೆ ಅಳು ತಡೆಯಲಾಗಲಿಲ್ಲ. ಅಮ್ಮ ಮಾತ್ರ ಮೂವರ ಮುಖಗಳನ್ನೂ ಒಂದೊಂದಾಗಿ ನೋಡಿ, ಮಗಳ ಕೈ ತಟ್ಟಿ, ಸೂಜಿಯಲ್ಲಿ ಹೊಲಿಯುವ ಹಾಗೆ ಬೆರಳಾಡಿಸಿದಳು. ಈಗ ಸೇರಿಸಿದ್ರಾ, ನಾನು ಬೇಜಾರು ಮಾಡ್ಕೊಂಡೆ ಅಂತ?

"ಇಲ್ಲಮ್ಮ, ಮೊದಲಿಂದ ಇತ್ತು! ಆಣೆ ಮಾಡ್ಲಾ?"

ಅಮ್ಮ ಆಗಲಿ ಬಿಡು ಎಂದು ತಲೆಯಾಡಿಸಿದಳು. ಸುಳ್ಳು ಹೇಳುವ ಮಕ್ಕಳಿಗೆ ತಾಯಂದಿರು ಹೀಗೆಯೇ ತಲೆಯಾಡಿಸುತ್ತಾರೆ.

ಗಂಡ ಮುಂದೆ ಬಂದ. "ಅತ್ತೆ, ನಾನು ತಂದಿದ್ದು ಕದ್ದ ಆಟ. ಅದಕ್ಕೇ ಬಾಗಿಲು ತೆಗೀಲಿಲ್ಲ. ತಪ್ಪು ನಂದು." ಅಮ್ಮ ಅವನ ಕೆನ್ನೆ ಸವರಿದಳು. ಹೆಂಡತಿಯ ಮಾನ ಮುಚ್ಚಲು ಅಳಿಯ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದಾನೆ ಎಂದೇ ಆಕೆಯ ಎಣಿಕೆ. ಕದ್ದರೆ ಬಾಗಿಲು ಮುಚ್ಚಿಕೊಳ್ಳುವುದುಂಟೇ?

ಬಾಗಿಲು ಮುಚ್ಚಿದವನು ಹೇಳಬೇಕಿತ್ತು. ಅಕ್ಕ ತಿರುಗಿದಳು. ತಮ್ಮ ಪಕ್ಕದಲ್ಲಿರಲಿಲ್ಲ. ಯಾವಾಗಲೋ ಹಿಂದೆ ಸರಿದು ವಾರ್ಡಿನ ಬಾಗಿಲಲ್ಲಿ ನಿಂತಿದ್ದ. ಚಾರ್ಜರಿನ ವೈರನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ.

"ಹೇಳೋ" ಅಂದಳು ಅಕ್ಕ. "ಹೇಳೋ, ಅಮ್ಮ ನಂಬ್ತಾ ಇಲ್ಲ."

ಅವನು ವೈರನ್ನು ಇನ್ನೊಂದು ಸುತ್ತು ಬಿಗಿದ. ಯಾರೂ ಗುಂಡಿ ಒತ್ತದೆ ಬಹಳ ಹೊತ್ತಾಗಿತ್ತು. ಪರದೆಯ ಹುಡುಗ ಹೊಸ್ತಿಲಲ್ಲೇ ನಿಂತಿದ್ದ. ಆಗ ಅಮ್ಮನ ದನಿ ಮತ್ತೆ ಬಂತು, ಅವಳೇ ಸೇರಿಸಿದ ಎರಡನೆಯ ಮಾತು.

"ಬಾಗಿಲಲ್ಲೇ ಯಾಕೋ ನಿಂತೆ? ಏನು ಒಡೆದು ಬಂದೆ? ಒಳಗೆ ಬಾ, ನಾನು ಬೈಯಲ್ಲ."

ಅಮ್ಮ ಪರದೆ ಬಿಟ್ಟು ಕತ್ತೆತ್ತಿ ಬಾಗಿಲಿನ ಕಡೆ ನೋಡಿದಳು. ತಮ್ಮ ಒಳಗೆ ಬರಲಿಲ್ಲ.