ತುಟಿ ಕಾಣದ ಮಾತು

ಚಿತ್ರ ಹಿಂದಿಯದು. ಅದರಲ್ಲಿ ನಾಯಕಿಗೆ ಇಬ್ಬರು: ಕೈಹಿಡಿದ ಗಂಡ ಒಬ್ಬ, ಕೈಬಿಟ್ಟು ಹೋಗಿ ಈಗ ತಿರುಗಿ ಬಂದ ಹಳೆಯ ಪ್ರೇಮಿ ಇನ್ನೊಬ್ಬ. ಮಧ್ಯಂತರದವರೆಗೆ ಗಂಡನಿಗೆ ಏನೂ ಗೊತ್ತಿಲ್ಲ. ಆಮೇಲೆ ಎಲ್ಲ ಗೊತ್ತಾಗಿ ಮಾತು ಬಿಡುತ್ತಾನೆ. ಈ ಗೋಳನ್ನೆಲ್ಲ ಕನ್ನಡದ ಬಾಯಿಗೆ ಹೊಂದಿಸುವ ಕೆಲಸ ಸಂಭಾಷಣೆಕಾರನ ಪಾಲಿಗೆ ಬಂದಿತ್ತು.

ಡಬ್ಬಿಂಗ್ ಬರವಣಿಗೆ ಎಂದರೆ ಬೇರೆಯವರ ಅಂಗಿಗೆ ನಮ್ಮ ಗುಂಡಿ ಹಾಕಿದ ಹಾಗೆ. ಪರದೆಯ ಮೇಲೆ ತುಟಿ ಮುಚ್ಚಿದ ಕಡೆ ಕನ್ನಡದಲ್ಲೂ ಪ, ಬ, ಮ ಬೀಳಬೇಕು. ನಾಯಕಿ ಇಬ್ಬರಿಗೂ ‘ಆಪ್’ ಎನ್ನುತ್ತಾಳೆ, ಹಾಗಾಗಿ ಇವನೂ ಇಬ್ಬರಿಗೂ ‘ನೀವು’ ಎಂದೇ ಬರೆದಿದ್ದ. ನಟರು ಬೆನ್ನು ತಿರುಗಿಸಿದ ಶಾಟ್ ಬಂದರೆ ಮಾತ್ರ ನೆಮ್ಮದಿ. ತುಟಿ ಕಾಣದ ಕಡೆ ಏನು ಹೇಳಿಸಿದರೂ ನಡೆಯುತ್ತದೆ.

ಕೊನೆಯ ಶಾಟ್ ಮೇಲೆ ಮಾತ್ರ ಅವನಿಗೆ ಸಿಟ್ಟಿತ್ತು. ಗಂಡ ಪೆಟ್ಟಿಗೆ ಹಿಡಿದು ಗೇಟು ದಾಟುತ್ತಾನೆ, ನಾಯಕಿ ನಮಗೆ ಬೆನ್ನು ಹಾಕಿ ನಿಂತಿರುತ್ತಾಳೆ, ಯಾರೂ ಕರೆಯುವುದಿಲ್ಲ. ಆದರೂ ಪುಣ್ಯಾತ್ಮ ಗಕ್ಕನೆ ತಿರುಗುತ್ತಾನೆ. “ಯಾಕಯ್ಯಾ ತಿರುಗ್ತೀಯ? ಬೆನ್ನಿಗೆ ಇರುವೆ ಕಚ್ತಾ?” ಎಂದು ಬರೆಯುವಾಗೆಲ್ಲ, ಸ್ಟುಡಿಯೋದವರೆಲ್ಲ ಕೇಳುವಂತೆ, ಪರದೆಗೇ ಬಯ್ದಿದ್ದ.

ನಾಯಕಿಗೆ ದನಿ ಕೊಡುವವಳು ಅವನ ಹೆಂಡತಿ. ಸ್ಟುಡಿಯೋದೊಳಗೆ ಅವಳೂ ಎಲ್ಲರಂತೆ ಅವನಿಗೆ ‘ಸರ್’ ಎನ್ನಬೇಕು. ಅದು ಅವನೇ ಮಾಡಿದ ಕಟ್ಟುಪಾಡು. ಪ್ರೇಮಿಯ ದನಿಗೆ ಬೇರೆ ಊರಿನಿಂದ ಒಬ್ಬನನ್ನು ಕರೆಸಿದ್ದರು. ಕಂಠದ ದೆಸೆಯಿಂದ ಅವನಿಗೆ ಎಲ್ಲರೂ ಇಟ್ಟ ಹೆಸರು ಕಂಚು. ಬೆಳಿಗ್ಗೆ ಪರಿಚಯ ಮಾಡಿಸಿದಾಗ ಹೆಂಡತಿ ಕೈಮುಗಿದು, “ನಮಸ್ಕಾರ, ನಿಮ್ಮ ಬಗ್ಗೆ ಕೇಳಿದ್ದೆ” ಎಂದಿದ್ದಳು. ಅವನೂ “ನಮಸ್ಕಾರ ಮೇಡಂ” ಎಂದಿದ್ದ. ಅಷ್ಟೇ.

ಮಧ್ಯಾಹ್ನ ಆ ದೃಶ್ಯ ಬಂತು. ಪ್ರೇಮಿ ಮಳೆಯಲ್ಲಿ ನೆನೆದು ಬಾಗಿಲಿಗೆ ಬಂದಿದ್ದಾನೆ. ನಾಯಕಿ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಾಳೆ. ಗಾಜಿನ ಆಚೆ ಹೆಂಡತಿ ಮತ್ತು ಕಂಚು ಒಂದೇ ಮೈಕಿನ ಎರಡು ಬದಿಗೆ. ಈಚೆ ಸಂಭಾಷಣೆಕಾರ, ಪಕ್ಕದಲ್ಲಿ ಸೌಂಡ್ ಇಂಜಿನಿಯರ್, ಹಿಂದಿನ ಸೋಫಾದಲ್ಲಿ ಹೆಣಿಗೆ ಹಿಡಿದ ಅತ್ತೆಮ್ಮ. ಬಂದ ಚಿತ್ರಗಳಲ್ಲೆಲ್ಲ ಅತ್ತೆಯ ದನಿ ಅವರದೇ ಆದ್ದರಿಂದ ಸ್ಟುಡಿಯೋದ ಗಂಡಸರೆಲ್ಲ ಅವರಿಗೆ ಅಳಿಯಂದಿರು.

ಹಾಳೆಯಲ್ಲಿದ್ದದ್ದು: ‘ನೀವು ಇಷ್ಟು ದಿನ ಎಲ್ಲಿದ್ರಿ?’

ಹೆಂಡತಿ ಹೇಳಿದಳು: “ನೀನು... ಇಷ್ಟು ದಿನ ಎಲ್ಲಿದ್ದೆ?”

ಕಂಚು ತಕ್ಷಣ ಉತ್ತರ ಕೊಡಬೇಕಿತ್ತು. ಕೊಡಲಿಲ್ಲ. ಪರದೆಯ ಮೇಲಿನ ಪ್ರೇಮಿ ಸುಮ್ಮನೆ ಬಾಯಿ ಆಡಿಸಿದ. ಕಂಚು ಮಾತ್ರ ಹಾಳೆ ಬಿಟ್ಟು ಅವಳನ್ನೇ ನೋಡುತ್ತಿದ್ದ.

“ಬೆನ್ನಿನ ಶಾಟ್, ತುಟಿ ಕಾಣಲ್ಲ, ನಡೆಯುತ್ತೆ ಸರ್,” ಎಂದ ಇಂಜಿನಿಯರ್. “ಎಂಥ ದನಿ ಬಂತು! ಮೈ ಜುಂ ಅಂತು. ಕಂಚು ಅವರ ಉತ್ತರ ಬೇರೆ ತಗೋತೀನಿ.”

“ಬೆಂಕಿ ಇಲ್ದೆ ಹೊಗೆ ಬರಲ್ಲಪ್ಪ,” ಎಂದು ತಮಾಷೆಗೆ ಅಂದ ಅತ್ತೆಮ್ಮ, ಸಂಭಾಷಣೆಕಾರನ ಕತ್ತು ಸೆಟೆದದ್ದು ಕಂಡು ಮಾತು ನುಂಗಿ ಹೆಣಿಗೆಯ ಕುಣಿಕೆ ಎಣಿಸತೊಡಗಿದರು.

ಅವನು ಗಾಜಿನ ಆಚೆಗೆ ಮಾತಾಡುವ ಗುಂಡಿ ಒತ್ತಿ, “ಸ್ವಲ್ಪ ಬಿಡುವು” ಎಂದ. ತನ್ನ ದನಿ ತನಗೇ ಡಬ್ ಮಾಡಿದ ಹಾಗೆ ಕೇಳಿಸಿತು.

ಹೊರಗಿನ ಓಣಿಯಲ್ಲಿ ಮುರಿದ ಮೈಕುಗಳ ಕಪಾಟಿನ ಪಕ್ಕ ಹೆಂಡತಿ ಬಂದು ನಿಂತಳು.

“ರೀ...”

“ಇದು ಸ್ಟುಡಿಯೋ. ಸರ್ ಅನ್ನು.”

ಅವಳು ತುಟಿ ಕಚ್ಚಿದಳು. “ಬಾಯಿ ತಪ್ಪಿತು ಸರ್.”

“ಬಾಯಿ ಸುಮ್ನೆ ತಪ್ಪಲ್ಲ. ಓಡಾಡಿದ ದಾರಿಗೇ ಜಾರೋದು. ಯಾರವನು?”

ಅವಳು ಸುತ್ತಿ ಬಳಸಲಿಲ್ಲ. “ನಾಟಕ ಮಾಡ್ತಿದ್ದಾಗ ಜೊತೆಗಿದ್ದ. ಮದುವೆ ಆಗ್ಬೇಕು ಅಂತಿದ್ವಿ. ಒಂದು ದಿನ ಹೇಳದೆ ಕೇಳದೆ ಹೋದ. ಆಮೇಲೆ ನೋಡಿದ್ದು ಇವತ್ತೇ.”

“ಮತ್ತೆ ಆ ನಮಸ್ಕಾರ? ಆ ‘ನಿಮ್ಮ ಬಗ್ಗೆ ಕೇಳಿದ್ದೆ’? ನಾನು ಬರೆದಿದ್ರೂ ಅಷ್ಟು ಚೆನ್ನಾಗಿ ಬರ್ತಿರ್ಲಿಲ್ಲ.”

“ಹೆದರಿಕೆ ಆಯ್ತು.”

“ಯಾರದ್ದು?”

“ನಿಮ್ಮ ಮುಖದ್ದು. ಈಗಿದೆಯಲ್ಲ, ಈ ಮುಖದ್ದು.”

ಅವನಿಗೆ ಕೇಳಬೇಕಾಗಿದ್ದದ್ದು ಒಂದೇ: ಇವಳು ಈಗಲೂ ಅವನವಳೇ? ಆದರೆ ಬಾಯಿಗೆ ಬಂದದ್ದು ಬೇರೆ. “ಮದುವೆ ಆದಾಗಿನಿಂದ ಕೇಳ್ತಿದ್ದೀನಿ, ನನ್ನನ್ನ ‘ನೀನು’ ಅನ್ನು ಅಂತ. ನಾಲಿಗೆ ಹೊರಳಲ್ಲ ಅಂತಿದ್ದೆ. ಅವನಿಗೆ ಹೊರಳ್ತಲ್ಲ!”

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕಂಚು ಬಂದ. “ಸರ್, ನನ್ನಿಂದ ಏನಾದ್ರೂ...”

“ನಿಮ್ಮಿಂದ ಒಂದು ಮಾತು ಬಾಕಿ ಇದೆ. ಹೇಳಿ, ಹೊರಡಿ.”

ಕಂಚು ಅವಳ ಕಡೆ ನೋಡಿದ. ಅವಳು ನೋಡಲಿಲ್ಲ. ಅವನು ಒಬ್ಬನೇ ಒಳಗೆ ಹೋಗಿ ಬಾಕಿ ಉತ್ತರ ಹೇಳಿ, ಚೀಲ ಹೆಗಲಿಗೇರಿಸಿ ಹೊರಟ. ಅಷ್ಟು ದೊಡ್ಡ ಕಂಠದವನು ಬಾಗಿಲನ್ನು ಸದ್ದಿಲ್ಲದೆ ಎಳೆದುಕೊಂಡ.

ಉಳಿದದ್ದು ಕೊನೆಯ ಶಾಟ್. ಹೆಂಡತಿ ಒಬ್ಬಳೇ ಮೈಕಿನ ಮುಂದೆ. ಮಾತಿಲ್ಲ, ನಾಯಕಿಯ ಬಿಕ್ಕು, ಉಸಿರು ಮಾತ್ರ ಬೇಕು. ಗಾಜಿನ ಆಚೆ ನೋಡಲಾರದೆ ಸಂಭಾಷಣೆಕಾರ ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿದ. ಸಂಜೆ ಮನೆಗೆ ಹೋಗಿ ಏನು ಮಾತಾಡುವುದು? ಅವಳು ಬರುತ್ತಾಳೋ ಇಲ್ಲವೋ.

“ಶಾಟ್ ಓಡ್ತಿದೆ,” ಎಂದ ಇಂಜಿನಿಯರ್.

ಸ್ಪೀಕರಿನಲ್ಲಿ ಗಾಳಿಯ ಸದ್ದು. ಗೇಟಿನ ಕಿರ್‌. ಒಂದು ಉಸಿರು, ಒಂದು ಬಿಕ್ಕು. ಆಮೇಲೆ...

“ರೀ.”

ಕೂಗಲಿಲ್ಲ. ಒಲೆಯ ಮುಂದೆ ನಿಂತು, ಬಾತ್‌ರೂಮಿನಿಂದ ಟವೆಲ್ ಕೇಳುತ್ತ, ನಿದ್ದೆಗಣ್ಣಿನಲ್ಲಿ ಹೊದಿಕೆ ಎಳೆಯುತ್ತ ಅವಳು ಕರೆಯುತ್ತಿದ್ದ ಅದೇ ಒಂದು ಅಕ್ಷರ. ದಿನವೂ ಕೇಳಿ ಕೇಳಿ ಅವನ ಕಿವಿಗೆ ಅದು ಗಡಿಯಾರದ ಸದ್ದಿನಂತೆ ಕೇಳಿಸದೇ ಹೋಗಿತ್ತು. ಈಗ ಇಷ್ಟು ದೊಡ್ಡ ಸ್ಪೀಕರಿನಲ್ಲಿ, ಎಲ್ಲರೆದುರು ಕೇಳಿದಾಗ, ಅವನಿಗೆ ಗೊತ್ತಾಗುವ ಮೊದಲೇ ಕುರ್ಚಿ ತಿರುಗಿಬಿಟ್ಟಿತ್ತು.

“ಅಯ್ಯೋ!” ಎಂದರು ಅತ್ತೆಮ್ಮ. “ಅದಕ್ಕೇ ನೋಡಿ ಆ ಗಂಡಸು ತಿರುಗೋದು! ಇರುವೆ ಅಲ್ಲ, ಅಳಿಯಂದ್ರೇ.”

ಗಾಜಿನ ಆಚೆ ಹೆಂಡತಿ ಕಿವಿಯ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಹಾಳೆಯಲ್ಲಿಲ್ಲದ ಮಾತು ಅಂದಿದ್ದಳು; ಕಟ್ಟುಪಾಡನ್ನೂ ಮುರಿದಿದ್ದಳು. “‘ನೀನು’ ಅಂತ ನಾಟಕದ ಜೊತೆಗಾರರಿಗೆಲ್ಲ ಅಂದಿದ್ದೀನಿ,” ಎಂದಳು ಮೈಕಿನಲ್ಲಿ, ಅವನೊಬ್ಬನಿಗೇ ಹೇಳುವ ಹಾಗೆ. “ಇದನ್ನ ಬೇರೆ ಯಾರಿಗೂ ಅಂದಿಲ್ಲ.”

ಇಂಜಿನಿಯರ್ ಪರದೆಗೆ ಏನೋ ಅಂಟಿದೆಯೆಂಬಂತೆ ಬಟ್ಟೆಯಿಂದ ಒರೆಸಿದ. ಆಮೇಲೆ ಮೆಲ್ಲಗೆ, “ಮೊದಲಿನ ದೃಶ್ಯದ್ದು... ಆ ‘ನೀನು’ ಅಳಿಸಿ ಹೊಸದಾಗಿ ತಗೊಳ್ಲಾ ಸರ್?” ಎಂದ.

ಆ ಪದ ಸಂಭಾಷಣೆಕಾರನ ಎದೆಯಲ್ಲಿ ಇನ್ನೂ ಮುಳ್ಳಿನಂತೆ ಚುಚ್ಚುತ್ತಿತ್ತು, ನಾಳೆಯೂ ಚುಚ್ಚುತ್ತದೆ.

“ಬೇಡ. ಅವನಿಗೆ ಅದೇ ಇರ್ಲಿ.”

ಆಮೇಲೆ ಹೆಬ್ಬೆರಳಿನಿಂದ ಗುಂಡಿ ಒತ್ತಿದ. ಗಾಜಿನ ಆಚೆ ಅವಳು ತಲೆಯೆತ್ತಿದಳು.

“ಒಂಚೂರು ತಡ ಆಯ್ತು ಕಣೇ. ಗಂಡ ತಿರುಗೋ ಮೊದಲು ಬೀಳ್ಬೇಕು.” ಕುರ್ಚಿಯನ್ನು ಗಾಜಿನ ಹತ್ತಿರಕ್ಕೆ ಎಳೆದುಕೊಂಡ. “ಇನ್ನೊಂದು ಸಲ ಕರಿ.”