ಒರಳೋ, ಮಿಕ್ಸರೋ?

ಅಕ್ಕಲಕೋಟದ ಭೀಮಶಾನ ಶೇಂಗಾ ಚಟ್ನಿ ಎಷ್ಟು ಖಾರವೆಂದರೆ, ಡೀಸೆಲ್ ಮುಗಿದು ನಿಂತ ಎಸ್‌ಟಿ ಬಸ್ಸಿನ ಟ್ಯಾಂಕಿಗೆ ಒಂದು ಚಿಟಿಕೆ ಬಿದ್ದದ್ದೇ ತಡ, ಬಸ್ಸು ಸೊಲ್ಲಾಪುರದವರೆಗೆ ಓಡಿತು! ಸೊಸೆ ನಂದಾ ಮೊಬೈಲಿನಲ್ಲಿ ನಡೆಸುವ ಚಟ್ನಿಯ ಪುಟದಲ್ಲಿ ಭೀಮಶಾ ಹಾಗೆಯೇ ಬರೆಸಿದ್ದ.

ಒಂದು ಮುಂಜಾನೆ ಅದೇ ಪುಟದಲ್ಲಿ ಸೊಲ್ಲಾಪುರದ ಮಂಜರಿಬಾಯಿ ಎಲ್ಲರಿಗೂ ಕಾಣುವಂತೆ ಬರೆದರು: "ಒರಳಿನ್ಯಾಗ ಕುಟ್ಟಿದ್ದು ಅಂತೀರಿ. ಈ ಸಲದ್ದು ಬರೇ ಹಿಟ್ಟು ಆಗ್ಯದ, ಎಣ್ಣೀನ ಬಿಟ್ಟಿಲ್ಲ. ಮಿಕ್ಸರಿಗಿ ಹಾಕೀರೇನು?"

ಇಡೀ ಆಫೀಸಿಗೆ ಚಟ್ನಿ ತರಿಸುವವರು ಮಂಜರಿಬಾಯಿ. ಅವರು ಮುನಿದರೆ ಸೊಲ್ಲಾಪುರದ ಗಿರಾಕಿಯೇ ಹೋದಂತೆ.

ಭೀಮಶಾನ ತಲೆ ಕೆಟ್ಟಿತು. "ಅಳಿಸಿ ಒಗಿ ಅದನ್ನ! ಏನ್ ಕಟಕಟಿ ಇದು! ಮೊದಲಿನ ಗಿರಾಕಿ ತಿಂದು ಸುಮ್ಕ ಇರ್ತಿದ್ರು."

"ಎಲ್ಲಿ ಸುಮ್ಕ ಇರ್ತಿದ್ರು ಮಾವಾರ? ನೀವು ಬಜಾರದಾಗ ಕುಂತು ಮಾರೂ ಮುಂದ, ಬಾಯಿಗಿ ಹಾಕ್ಕೊಂಡು ಮಾರಿ ಮ್ಯಾಲೇ ಅಂತಿದ್ರು. ಪಾಕೀಟು ಮಾಡಿ ದುಕಾನಕ್ಕ ಕಳಸಾಕ ಹತ್ತಿದ ಮ್ಯಾಲ ಆ ಮಾತು ನಿಂತಿತ್ತು. ಈಗ ಫೋನಿನ್ಯಾಗ ತಿರುಗಿ ಬಂದದ."

"ಹಂಗಾರ ಬರಿ. ಏಳು ತಲೆಮಾರಿನ ಒರಳು! ನಮ್ಮ ಒನಕಿ ಸಪ್ಪಳಕ್ಕ ಸೊಲ್ಲಾಪುರದ ಮಂದಿ ಎಚ್ಚರಾಗ್ತಾರ!"

ನಂದಾ ಗೊಣಗುತ್ತಲೇ ಬರೆದಳು. ಚಹಾ ಆರುವುದರೊಳಗೆ ಉತ್ತರ ಬಂತು: "ಹೌದೇನ್ರಿ? ಇವತ್ತು ಕುಟ್ಟೂ ಮುಂದ ವಿಡಿಯೊ ಹಾಕ್ರಿ." ಅದರ ಕೆಳಗೆ "ನಮಗೂ ತೋರಸ್ರಿ" ಎಂದು ಸೊಲ್ಲಾಪುರಕ್ಕೆ ಸೊಲ್ಲಾಪುರವೇ ಸಾಲುಗಟ್ಟಿತು.

ಭೀಮಶಾ ಹೆಂಡತಿಯ ಕಡೆ ನೋಡಿದ. ಭುಜ ಹಿಡಿದುಕೊಂಡಾಗಿನಿಂದ ಗುರುಲಿಂಗಮ್ಮ ಒನಕೆ ಮುಟ್ಟಿರಲಿಲ್ಲ.

"ನನ್ನ ಯಾಕ ನೋಡ್ತೀರಿ?" ಎಂದಳು ಆಕೆ. "ಆ ಏಳು ತಲೆಮಾರಿನವರನ್ನ ಕರೀರಿ, ಕುಟ್ಟಲಿ!"

ಭೀಮಶಾ ಸೊಸೆಯ ಕಡೆ ತಿರುಗಿದ. "ಬರಿ ತಂಗಿ, ಖರೇನ ಬರಿ. ಮನಿಯಾಕಿ ಭುಜ ಹಿಡದದ, ಈ ಸಲ ಮಿಕ್ಸರಿಗಿ ಹಾಕೀವಿ. ಹೇಳಲಿಲ್ಲ, ತಪ್ಪಾತು. ಬ್ಯಾರೆ ಕುಟ್ಟಿ ಕಳಸ್ತೀವಿ."

"ಕುಟ್ಟೋರು ಯಾರ್ರಿ ಮಾವಾರ?"

"ನಾನೇ. ಮತ್ಯಾರು!"

ಮಂಜರಿಬಾಯಿ ಕೂಡಲೇ ಬರೆದರು: "ಮೊದಲೇ ಹೇಳಿದ್ರ ಮಿಕ್ಸರಿಂದೂ ತಿಂತಿದ್ವಿ. ಅಕ್ಕಾರ ಭುಜ ಹೆಂಗದ? ಆಫೀಸಿಗಿ ಯಾವಾಗಿನಂಗ ಕಳಸ್ರಿ."

ವ್ಯಾಪಾರ ಮಾಡುವ ಅಕ್ಕ-ಅಣ್ಣಂದಿರೇ, ಗಿರಾಕಿ ಎಲ್ಲರೆದುರು ಕೇಳಿದ್ದನ್ನು ಅಳಿಸಬೇಡಿ. ಎಲ್ಲರೆದುರೇ ನಿಜ ಹೇಳಿ. ಗಿರಾಕಿಗಳೇ, ಸದ್ದಿಲ್ಲದೆ ಅಂಗಡಿ ಬದಲಿಸುವ ಮೊದಲು ನೀವೂ ಒಂದು ಮಾತು ಕೇಳಿ ನೋಡಿ.

ಅಂದಹಾಗೆ, ಮಂಜರಿಬಾಯಿ ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದರು: "ಮತ್ತ ಆ ಬಸ್ಸಿನ ಮಾತು?"

ಭೀಮಶಾ ಫೋನು ಇಸಿದುಕೊಂಡು, ತಾನೇ ಒಂದೊಂದೇ ಅಕ್ಷರ ಒತ್ತಿದ: "ಡೀಸೆಲ್ ಇತ್ರಿ."