ಮಾಯಪ್ಪ ಪೈಲ್ವಾನನನ್ನು ಉಳಿಸಿದ್ದು

ನಾಗನೂರಿನವರು ಮೋಟಾರು ಬಸ್ಸನ್ನು ಇನ್ನೂ ಕಣ್ಣಿಂದ ಕಾಣದ ಕಾಲ. ಶೇಂಗಾ ಹೊಲಕ್ಕೆ ಕಳೆ ತೆಗೆಯಲು ಹೋಗುವ ಹೆಣ್ಣುಮಕ್ಕಳು ತಮ್ಮ ಸಣ್ಣ ಮಕ್ಕಳನ್ನು ಉದ್ದವ್ವನ ಅಂಗಳದಲ್ಲಿ ಬಿಟ್ಟು ಹೋಗುತ್ತಿದ್ದರು. ಅಂಗಳದ ಪಕ್ಕಕ್ಕೇ ಮೆಟ್ಟಿಲ ಬಾವಿ. ಮಕ್ಕಳಿಗೆ ಅಂಗಳಕ್ಕಿಂತ ಬಾವಿಯೇ ಪ್ರೀತಿ. ಮುದುಕಿಗೆ ದಿನವಿಡೀ ಅವರ ಹಿಂದೆ ಓಡುವುದೇ ಕೆಲಸ.

ಮೊದಲು ಹೆದರಿಸಿ ನೋಡಿದಳು. “ಬಾವ್ಯಾಗ ದೆವ್ವ ಐತಿ. ಹತ್ರ ಹೋದವರ ಕಾಲ ಹಿಡದು ಎಳೀತೈತಿ!”

ಆಕೆ ಒಳಗೆ ಹೋಗಿ ಬರುವುದರೊಳಗೆ ಎಲ್ಲರೂ ಬಾವಿಯ ಕಟ್ಟೆಗೆ ಜೋತುಬಿದ್ದಿದ್ದರು. “ದೆವ್ವಪ್ಪಾ, ಮ್ಯಾಲ ಬಾರೋ!” ಎಂದು ಕರೆಯುತ್ತಿದ್ದವಳು ಸ್ವಂತ ಮೊಮ್ಮಗಳು ಕಾಶೆವ್ವ. ದೆವ್ವಕ್ಕೆಂದು ರೊಟ್ಟಿಯ ಚೂರನ್ನೂ ತಂದಿದ್ದಳು.

ಇವರಿಗೆ ಹೆದರಿಕೆ ನಾಟುವುದಿಲ್ಲ ಎಂದು ಖಾತ್ರಿಯಾದ ಮೇಲೆ ಉದ್ದವ್ವ ಎರೆಮಣ್ಣು ಕಲಸಿ ತಂದಳು. ದನ ನೀರು ಕುಡಿಯುವ ಕಲ್ಲಿನ ದೋಣಿಯ ಸುತ್ತ ಎಲ್ಲರನ್ನೂ ಕೂರಿಸಿ, “ನಿಮ್ಮ ನಿಮ್ಮ ಗೊಂಬಿ ಮಾಡ್ರಿ” ಎಂದಳು. ಬದನೆಕಾಯಿ ಮೂಗಿನ, ಕುತ್ತಿಗೆಯೇ ಇಲ್ಲದ ಗೊಂಬೆಗಳು ತಯಾರಾದವು. ಪುಟ್ಟ ಸತ್ತೆಪ್ಪನ ಗೊಂಬೆಯನ್ನು ಆಕೆ ನೀರಿಗೆ ತಳ್ಳಿದಳು. ಅದು ಬುಳುಕ್ಕನೆ ಮುಳುಗಿ ಕರಗಿತು.

“ನನ್ನ ಮಾರಿ ಹೋತು!” ಎಂದು ಸತ್ತೆಪ್ಪ ತನ್ನ ಮೂಗು ಮುಟ್ಟಿಕೊಂಡು ಅತ್ತ. 

ಕಾಶೆವ್ವನ ಗೊಂಬೆಯನ್ನು ಒಣಗಿದ ಸೋರೆಬುರುಡೆಯ ಮೇಲೆ ಕೂರಿಸಿ ಬಿಟ್ಟಳು. ಅದು ಗೌಡನ ಹಾಗೆ ತೇಲಿತು.

“ನೋಡಿದ್ರಿ? ಬಿದ್ದವರ ಹಿಂದ ಯಾರೂ ಜಿಗೀಬಾರ್ದು. ಮೊದಲ ಬಾಯಿ ಮಾಡ್ರಿ. ಬುರುಡಿ ಒಗೀರಿ. ಬೋರಲ ಮಲಗಿ ಹಗ್ಗ ಬಿಡ್ರಿ.”

ಅಂದಿನಿಂದ ಅದೇ ಆಟ. ಆಕೆಯ ನೀಲಿ ಸೀರೆಯನ್ನು ಅಂಗಳದಲ್ಲಿ ಹಾಸಿದರೆ ಅದೇ ಬಾವಿ. ಅದರಲ್ಲಿ ಬೀಳಲು ಎಲ್ಲರಿಗೂ ಅವಸರ. ಬೆಕ್ಕನ್ನೂ ಬೀಳಿಸಿ ಉಳಿಸಿದರು.

ಉದ್ದವ್ವನ ಮೈದುನ ಮಾಯಪ್ಪ ಪೈಲ್ವಾನನಿಗೆ ಮಾತ್ರ ಇದೊಂದೂ ಗೊತ್ತಿರಲಿಲ್ಲ. ಒಂದು ಮುಂಜಾನೆ ಸ್ನಾನಕ್ಕೆ ಬಂದವನು ಅತ್ತಿತ್ತ ನೋಡಿ, ಧೋತರ, ಲಂಗೋಟಿ ಎರಡನ್ನೂ ಕಟ್ಟೆಯ ಮೇಲಿಟ್ಟು ಬಾವಿಗೆ ಹಾರಿದ. ಧುಡುಮ್!

“ಮಾಯಪ್ಪ ಅಜ್ಜ ಬಿದ್ದಾನೋ!”

ಕೂಗು ಹೊಲದವರೆಗೂ ಹೋಯಿತು. ಮಕ್ಕಳು ಓಡಿ ಬಂದು ಕಟ್ಟೆಯ ಮೇಲೆ ಬೋರಲು ಬಿದ್ದರು. ಬುರುಡೆಗಳು ದಬದಬ ಸುರಿದವು. ಒಂದು ಪೈಲ್ವಾನನ ನೆತ್ತಿಗೇ ಕೂತಿತು.

“ಏ, ನಾ ಈಜಾಕತ್ತೇನಿ!”

“ಮಾತಾಡಬ್ಯಾಡ, ಬಾಯಾಗ ನೀರ ಹೋಗ್ತಾವು!” ಎಂದು ಗದರಿಸಿದಳು ಕಾಶೆವ್ವ. ಹಗ್ಗ ಸಿಗದ್ದಕ್ಕೆ ಧೋತರವನ್ನೇ ಇಳಿಬಿಟ್ಟಳು. ಉದ್ದ ಸಾಲದೆ ತುದಿಗೆ ಲಂಗೋಟಿಯನ್ನೂ ಗಂಟು ಹಾಕಿದ್ದಳು. ಮಾಯಪ್ಪ ತನ್ನ ಮಾನವನ್ನು ಗುರುತಿಸಿ ಎರಡೂ ಕೈಯಿಂದ ಜಗ್ಗಿದ.

“ಸಿಕ್ಕಾನ! ಎಳೀರಿ!”

ಒದ್ದೆ ಲಂಗೋಟಿ ಅವನ ಕೈಯಿಂದ ಜಾರಿ ಸರ್ರನೆ ಮೇಲೆ ಹೋಯಿತು.

ಅಷ್ಟರಲ್ಲಿ ಹೊಲದ ಹೆಣ್ಣುಮಕ್ಕಳೆಲ್ಲ ಕಳೆ ಕೀಳುವ ಕುರ್ಪಿ ಹಿಡಿದು ಓಡಿ ಬಂದು ಬಾವಿಯ ಸುತ್ತ ನಿಂತರು. ಮಾಯಪ್ಪ ಬುರುಡೆಗಳನ್ನು ಅವಚಿಕೊಂಡು ಗಂಟಲ ತನಕ ಮುಳುಗಿದ. “ವೈನೀ, ನಿಮ್ಮ ಕಾಲಿಗೆ ಬೀಳ್ತೇನಿ, ಎಲ್ಲಾರನ್ನೂ ಕಳಸ್ರಿ!”

ಉದ್ದವ್ವ ಮೊಮ್ಮಗಳ ಕೈಯಲ್ಲಿದ್ದ ಬಟ್ಟೆ ನೋಡಿದಳು. ನಗು ತಡೆಯಲಾಗದೆ ಅಲ್ಲೇ ಕುಸಿದು ಕೂತಳು. ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ಹೊರಟರೂ ಮಕ್ಕಳು ಕದಲಲಿಲ್ಲ. ಉದ್ದವ್ವ ಧೋತರವನ್ನು ನೀರಿಗೆ ಎಸೆದ ಮೇಲೆ ಪೈಲ್ವಾನ ನೀರಲ್ಲೇ ಸುತ್ತಿಕೊಂಡು ಮೆಟ್ಟಿಲು ಹತ್ತಿ ಬಂದ. ಅವನನ್ನು ಅಂಗಾತ ಕೆಡವಿ, ನೀರು ಕಕ್ಕಿಸಲೆಂದು ಮಕ್ಕಳೆಲ್ಲ ಅವನ ಹೊಟ್ಟೆಯ ಮೇಲೆ ಕೂತರು.

“ವೈನಿ, ಇವಕ್ಕ ಈಜು ನಾನ ಕಲಸ್ತೇನಿ,” ಎಂದ ಮಾಯಪ್ಪ ಏದುಸಿರಿನಲ್ಲಿ. “ಇಲ್ಲಾಂದ್ರ ಈ ಊರಾಗ ನನಗ ಜಳಕಾ ಇಲ್ಲ.”

ಮರುದಿನ ಬೆನ್ನಿಗೆ ಬುರುಡೆ ಕಟ್ಟಿಸಿಕೊಂಡು ಮಕ್ಕಳು ಒಬ್ಬೊಬ್ಬರಾಗಿ ನೀರಿಗಿಳಿದರು. ಮೆಟ್ಟಿಲ ಮೇಲೆ ಕಾವಲು ಕೂತ ಉದ್ದವ್ವನನ್ನು ಕಾಶೆವ್ವ ಕೇಳಿದಳು: “ಆಯಿ, ನಿನಗ ಈಜು ಬರತೈತೇನ?”

“ಇಲ್ಲವ್ವಾ.”

“ಮತ್ತ ನೀ ಬಿದ್ರ?”

ಉದ್ದವ್ವ ಎದ್ದು ನಿಂತಳು. ಕಚ್ಚೆ ಬಿಗಿದು, ಎಲ್ಲಕ್ಕಿಂತ ದೊಡ್ಡ ಬುರುಡೆ ಕಟ್ಟಿಸಿಕೊಂಡು ದೇವರ ಹೆಸರು ಹೇಳುತ್ತ ಇಳಿದಳು. ನೀರು ಆಕೆಯನ್ನು ಹೂವಿನಂತೆ ಎತ್ತಿಕೊಂಡಿತು. ವರ್ಷಗಟ್ಟಲೆ ನೋಯುತ್ತಿದ್ದ ಮಂಡಿಗಳು ಸುಮ್ಮನಾದವು. ಹೊತ್ತು ಏರಿತು, ಮಕ್ಕಳು ಹಸಿವು ಎಂದರು, ಮಾಯಪ್ಪ ಕೈಮುಗಿದು ಕರೆದ. ಆಕೆ ಮೇಲೆ ಬರಲೊಪ್ಪಲಿಲ್ಲ.

ಅಂದು ಆ ಮನೆಯಲ್ಲಿ ರೊಟ್ಟಿ ತಟ್ಟಿದವನು ಪೈಲ್ವಾನ. ಒಂದೂ ದುಂಡಗಿರಲಿಲ್ಲ.